ಮದುವೆಮನೆಯ ಬೆಂಕಿಯಿಂದ ಎದ್ದ ಊರಿನಲ್ಲಿ ಮೂರು ದಿನ

ಭಾನುವಾರ ಬೆಳಗ್ಗೆ ಹತ್ತೂವರೆ. ಮೈಸೂರು ಅರಮನೆಯ ವರಾಹ ದ್ವಾರದ ಎದುರು ಟೆಂಪೊ ಟ್ರಾವೆಲರ್‌ಗಳು ಒಂದರ ಹಿಂದೊಂದು ಬಂದು ನಿಲ್ಲುತ್ತವೆ. ಚಪ್ಪಲಿ ಬಿಡುವಲ್ಲಿ ನೂಕುನುಗ್ಗಲು, ಟಿಕೆಟ್ ಯಾರ ಹತ್ತಿರ ಇದೆ ಎಂಬ ಗಲಾಟೆ, ಮಕ್ಕಳ ಕೈ ಬಿಡಬೇಡಿ ಎಂಬ ಕೂಗು. ಒಳಗೆ ಹೋದ ಮೇಲೆ ನಡೆಯುವ ಕೆಲಸವೇ ಇಲ್ಲ, ಹಿಂದಿನವರು ತಳ್ಳಿಕೊಂಡು ಹೋಗುತ್ತಾರೆ. ಕಲ್ಯಾಣ ಮಂಟಪದ ಬಣ್ಣದ ಗಾಜಿನ ಚಾವಣಿ ನೋಡೋಣವೆಂದು ಕತ್ತೆತ್ತಿದರೆ ಮೊಬೈಲ್ ಹಿಡಿದ ಕೈಗಳು ಅಡ್ಡ. ಹನ್ನೆರಡಕ್ಕೆ ಮೃಗಾಲಯ, ಮೂರಕ್ಕೆ ಚಾಮುಂಡಿ ಬೆಟ್ಟ, ಸಂಜೆಗೆ ಬೃಂದಾವನ, ರಾತ್ರಿಯ ಊಟ ಮದ್ದೂರಿನ ಆಸುಪಾಸಿನಲ್ಲಿ.

2023ರಲ್ಲಿ ಹೊಸ ಹೆದ್ದಾರಿ ತೆರೆದ ಮೇಲಂತೂ ಬೆಂಗಳೂರಿನವರಿಗೆ ಮೈಸೂರು ಬೆಳಗ್ಗೆ ಹೋಗಿ ರಾತ್ರಿ ಮರಳುವ ಊರಾಗಿದೆ. ಹೀಗೆ ಬಂದು ಹೋಗುವವರಲ್ಲಿ ಬಹಳ ಮಂದಿಗೆ ಅರಮನೆ ಗೊತ್ತು, ಅರಮನೆಯ ಸುತ್ತ ಕಾಲ್ನಡಿಗೆಯ ದೂರದಲ್ಲೇ ಏನೇನಿದೆ ಎಂಬುದು ಅರ್ಧಂಬರ್ಧ ಗೊತ್ತು. ಜಗನ್ಮೋಹನ ಅರಮನೆಯ ಹೆಸರು ಕೇಳಿರುತ್ತಾರೆ. ರೈಲು ಮ್ಯೂಸಿಯಂಗೆ ಶಾಲೆಯ ಪ್ರವಾಸದಲ್ಲಿ ಹೋಗಿರುತ್ತಾರೆ. ಇವೆಲ್ಲ ಒಂದೇ ಕತೆಯ ತುಂಡುಗಳು ಎಂದು ತಿಳಿದರೆ ಮೈಸೂರು ನೋಡುವ ಬಗೆಯೇ ಬೇರೆಯಾಗುತ್ತದೆ. ನಾಲ್ಕು ಜನ ಗೆಳೆಯರು, ಮೂರು ದಿನದ ಬಿಡುವು, ದಿನಕ್ಕೊಂದು ಮ್ಯೂಸಿಯಂ, ಉಳಿದ ಹೊತ್ತು ನಡಿಗೆ ಮತ್ತು ಊಟ. ಈ ಊರಿಗೆ ಹೇಳಿ ಮಾಡಿಸಿದ ರಜೆ ಅದು. ಯಾಕೆ ಎನ್ನುವುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1897ರ ಮದುವೆ

ಹತ್ತನೆಯ ಚಾಮರಾಜ ಒಡೆಯರು 1894ರ ಡಿಸೆಂಬರಿನಲ್ಲಿ ಕಲ್ಕತ್ತದಲ್ಲಿದ್ದಾಗ ತೀರಿಕೊಂಡರು. ಪಟ್ಟಕ್ಕೆ ಬರಬೇಕಾದ ಮಗ ಕೃಷ್ಣರಾಜನಿಗೆ, ಮುಂದಿನ ನಾಲ್ವಡಿ ಕೃಷ್ಣರಾಜ ಒಡೆಯರಿಗೆ, ಆಗ ಹತ್ತು ವರ್ಷ. ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ಮಗನ ಪರವಾಗಿ ರಾಜ್ಯಭಾರ ವಹಿಸಿಕೊಂಡರು. 1897ರಲ್ಲಿ ಅರಮನೆಯಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆ. ಆಗಿದ್ದ ಅರಮನೆಯ ಬಹುಪಾಲು ಮರದ್ದು. ಮದುವೆಯ ಸಮಯದಲ್ಲೇ ಬೆಂಕಿ ಬಿದ್ದು ಅರಮನೆ ಸುಟ್ಟುಹೋಯಿತು.

ಹೊಸ ಅರಮನೆಯ ನಕ್ಷೆ ಬರೆದದ್ದು ಹೆನ್ರಿ ಇರ್ವಿನ್. ಶಿಮ್ಲಾದಲ್ಲಿ ವೈಸ್‌ರಾಯ್ ಬಂಗಲೆ ಕಟ್ಟಿಸಿ ಹೆಸರಾಗಿದ್ದ ವಾಸ್ತುಶಿಲ್ಪಿ. ಮತ್ತೆ ಬೆಂಕಿಗೆ ಸಿಗಬಾರದು ಎಂಬ ಎಚ್ಚರ ಆ ಕಟ್ಟಡದ ಉದ್ದಕ್ಕೂ ಕಾಣುತ್ತದೆ: ಕಲ್ಲು, ಇಟ್ಟಿಗೆ, ಕಬ್ಬಿಣ. ಕಲ್ಯಾಣ ಮಂಟಪದ ಎರಕದ ಕಬ್ಬಿಣದ ಕಂಬಗಳು ಸ್ಕಾಟ್ಲೆಂಡಿನ ಗ್ಲಾಸ್ಗೊದಿಂದ ಹಡಗೇರಿ ಬಂದವು. 1912ರಲ್ಲಿ ಕೆಲಸ ಮುಗಿಯಿತು. ಖರ್ಚು ಸುಮಾರು 41 ಲಕ್ಷ ರೂಪಾಯಿ.

ಅಷ್ಟು ವರ್ಷ ರಾಜಮನೆತನ ಇದ್ದದ್ದು ಎಲ್ಲಿ? ಮುಮ್ಮಡಿ ಕೃಷ್ಣರಾಜ ಒಡೆಯರು 1861ರಲ್ಲಿ ಕಟ್ಟಿಸಿದ್ದ ಜಗನ್ಮೋಹನ ಅರಮನೆಯಲ್ಲಿ. ನಾಲ್ವಡಿಯವರಿಗೆ 1902ರಲ್ಲಿ ಅಧಿಕಾರ ವಹಿಸಿಕೊಟ್ಟ ದರ್ಬಾರು ನಡೆದದ್ದೂ ಅಲ್ಲೇ, ವೈಸ್‌ರಾಯ್ ಕರ್ಜನ್ ಎದುರಿನಲ್ಲಿ. ಮದುವೆಯಾದ ಆ ರಾಜಕುಮಾರಿಗಾಗಿ 1905ರಲ್ಲಿ ಊರಿನ ಪಶ್ಚಿಮಕ್ಕೆ ಕಟ್ಟಿದ ಭವನ ಜಯಲಕ್ಷ್ಮೀ ವಿಲಾಸ. ಮಹಾರಾಣಿಯವರ ಪ್ರಯಾಣಕ್ಕಾಗಿ 1899ರಲ್ಲಿ ತಯಾರಾದ ಸಲೂನ್ ಬೋಗಿ ಈಗ ರೈಲು ಮ್ಯೂಸಿಯಂನಲ್ಲಿದೆ. ಒಂದು ಕುಟುಂಬಕ್ಕೆ ಬಂದ ಸಂಕಟದ ಹತ್ತು ಹದಿನೈದು ವರ್ಷಗಳು ಇವತ್ತು ಮೂರು ನಾಲ್ಕು ಮ್ಯೂಸಿಯಂಗಳಲ್ಲಿ ಹರಡಿಕೊಂಡಿವೆ. ಗಂಡನನ್ನು ಕಳೆದುಕೊಂಡ ತಾಯಿಯೊಬ್ಬರು ಸುಟ್ಟ ಅರಮನೆಯನ್ನೂ ಪ್ರಾಯಕ್ಕೆ ಬಾರದ ಮಗನನ್ನೂ ಒಂದು ಸಂಸ್ಥಾನವನ್ನೂ ಒಟ್ಟಿಗೆ ಸಂಭಾಳಿಸಿದ್ದನ್ನು ಅರಮನೆಯ ಗೈಡುಗಳು ಹೆಚ್ಚಾಗಿ ಒಂದು ವಾಕ್ಯದಲ್ಲಿ ದಾಟಿಸಿಬಿಡುತ್ತಾರೆ. ಅದು ಸಾಲದು.

ಪ್ಲೇಗು ಬಂದ ಮೇಲೆ

ಬೆಂಕಿಯ ಬೆನ್ನಿಗೇ ಪ್ಲೇಗು ಬಂತು. 1898ರಲ್ಲಿ ಅದು ಮೈಸೂರು ಸಂಸ್ಥಾನಕ್ಕೆ ಕಾಲಿಟ್ಟಾಗ ಮೈಸೂರು ಪಟ್ಟಣ ಇಕ್ಕಟ್ಟಾದ ಊರು. ಕೋಟೆಯೊಳಗೆ ಅರಮನೆಗೆ ಒತ್ತಿಕೊಂಡೇ ಮನೆಗಳು, ಗಾಳಿ ಬೆಳಕಿಲ್ಲದ ಓಣಿಗಳು. ಜನ ಸತ್ತರು, ಉಳಿದವರು ಊರ ಹೊರಗೆ ಗುಡಿಸಲು ಹಾಕಿಕೊಂಡರು. ಕೊನೆಗೆ ಕೋಟೆಯೊಳಗಿನ ಮನೆಗಳನ್ನು ತೆರವು ಮಾಡಿಸಿ ಜನರಿಗೆ ಹೊರಗೆ ಜಾಗ ಕೊಡಲಾಯಿತು. ಇವತ್ತು ಅರಮನೆಯ ಸುತ್ತ ಕಾಣುವ ವಿಶಾಲ ಬಯಲಿನ ಹಿಂದೆ ಈ ತೆರವಿನ ಕತೆ ಇದೆ.

ಊರನ್ನು ಹೊಸದಾಗಿ ಜೋಡಿಸಲು 1903ರಲ್ಲಿ ನಗರ ಸುಧಾರಣಾ ಟ್ರಸ್ಟ್ ಬೋರ್ಡು ಹುಟ್ಟಿತು. ಮುಂದೆ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ (ಮುಡಾ) ಆದದ್ದು ಇದೇ. ಚಾಮರಾಜಪುರಂ, ಲಕ್ಷ್ಮೀಪುರಂ, ಕೃಷ್ಣಮೂರ್ತಿಪುರಂ ಮೊದಲಾದ ಬಡಾವಣೆಗಳು ಆ ಕಾಲದ ಯೋಚನೆಯ ಫಲ. ನೇರ ರಸ್ತೆ, ರಸ್ತೆಯ ಎರಡೂ ಬದಿ ಮರ, ಮನೆಯ ಮುಂದೆ ಜಗುಲಿಗೆ ಜಾಗ, ಮನೆಗಳ ಹಿಂಬದಿಯಲ್ಲಿ ಶುಚಿ ಮಾಡುವವರಿಗೆ ಓಡಾಡಲು ಸಣ್ಣ ಓಣಿ. ಹಳೇ ಮೈಸೂರಿನವರ ಬಾಯಲ್ಲಿ ಅದು ಈಗಲೂ ‘ಕನ್ಸರ್ವೆನ್ಸಿ’. ಮಕ್ಕಳು ಕ್ರಿಕೆಟ್ ಆಡುವುದು, ಬೆಕ್ಕುಗಳು ಬಿಸಿಲು ಕಾಯುವುದು ಇಲ್ಲೇ. ಆ ಓಣಿಗಳಲ್ಲಿ ದುಡಿದವರು ಯಾವ ಜಾತಿಯವರು, ಅವರ ಕೇರಿಗಳನ್ನು ಎಲ್ಲಿ ಇಟ್ಟಿದ್ದರು ಎಂಬುದನ್ನೂ ನಡೆಯುವಾಗ ಮರೆಯಬಾರದು.

ಮೈಸೂರಿನಲ್ಲಿ ನಡೆದರೆ ದಣಿವಾಗುವುದಿಲ್ಲ ಎಂದು ಬಂದವರೆಲ್ಲ ಹೇಳುತ್ತಾರೆ. ಹವೆ ಒಂದು ಕಾರಣ ನಿಜ. ಆದರೆ ದೊಡ್ಡ ಕಾರಣ ಆರೋಗ್ಯದ ಭಯದಿಂದ ಮಾಡಿದ ಈ ಯೋಜನೆ. 1926ರಿಂದ 1941ರವರೆಗೆ ದಿವಾನರಾಗಿದ್ದ ಮಿರ್ಜಾ ಇಸ್ಮಾಯಿಲ್ ಇದಕ್ಕೆ ವೃತ್ತ, ಉದ್ಯಾನ, ದೀಪದ ಕಂಬಗಳ ಅಂದ ಸೇರಿಸಿದರು. ದೊಡ್ಡ ಗಡಿಯಾರದ ಬಳಿ ನಿಂತು ಒಂದು ಸಲ ತಲೆಯೆತ್ತಿ: 1927ರಲ್ಲಿ ನಾಲ್ವಡಿಯವರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ ಕಟ್ಟಿದ 75 ಅಡಿಯ ಗೋಪುರ, ಮುಖದ ಮೇಲೆ ಕನ್ನಡದ ಅಂಕಿಗಳು.

ಹದಿನೇಳು ಸೆಕೆಂಡು

ಮ್ಯೂಸಿಯಂ ಸುತ್ತಿದರೆ ಕಾಲಿಗಿಂತ ಮೊದಲು ತಲೆ ಸೋಲುತ್ತದೆ. ಇದನ್ನು ನೂರು ವರ್ಷದ ಹಿಂದೆಯೇ ಒಬ್ಬರು ಅಳೆಯಲು ಹೊರಟಿದ್ದರು. ಬಾಸ್ಟನ್ನಿನ ಕಲಾ ಮ್ಯೂಸಿಯಂನ ಬೆಂಜಮಿನ್ ಐವ್ಸ್ ಗಿಲ್ಮನ್ 1916ರಲ್ಲಿ ಬರೆದ ಲೇಖನದಲ್ಲಿ, ಪೆಟ್ಟಿಗೆಯೊಳಗಿನ ವಸ್ತು ನೋಡಲು ಬಗ್ಗಿದ, ಕುಕ್ಕರಿಸಿದ, ಕತ್ತು ಚಾಚಿದ ಒಬ್ಬ ಮನುಷ್ಯನ ಫೋಟೊಗಳನ್ನು ಸಾಲಾಗಿ ಕೊಟ್ಟರು. ನೋಡುಗನ ದಣಿವಿಗೆ ಇಟ್ಟ ರೀತಿಯೇ ಅರ್ಧ ಕಾರಣ ಎಂಬುದು ಅವರ ವಾದ. ಬಹಳ ಹೊತ್ತು ನಿಂತು, ಒಂದರಂತೆ ಇನ್ನೊಂದು ಕಾಣುವ ವಸ್ತುಗಳನ್ನು ನೋಡುತ್ತಾ ಹೋದರೆ ಮನಸ್ಸು ಬಾಗಿಲು ಹಾಕಿಕೊಳ್ಳುತ್ತದೆ.

2001ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನದು. ಪ್ರಸಿದ್ಧ ಚಿತ್ರಗಳ ಮುಂದೆ ಜನ ಎಷ್ಟು ಹೊತ್ತು ನಿಲ್ಲುತ್ತಾರೆ ಎಂದು ಲೆಕ್ಕ ಹಾಕಿದರು. ಸರಾಸರಿ 27 ಸೆಕೆಂಡು. ಅರ್ಧದಷ್ಟು ನೋಟಗಳು 17 ಸೆಕೆಂಡಿನೊಳಗೇ ಮುಗಿದಿದ್ದವು, ಪಕ್ಕದ ಫಲಕ ಓದಿದ್ದೂ ಸೇರಿ.

ಆದ್ದರಿಂದ ಒಂದು ದಿನಕ್ಕೆ ಒಂದೇ ಮ್ಯೂಸಿಯಂ, ಅದರಲ್ಲೂ ಒಂದೂವರೆ ಗಂಟೆ ಸಾಕು. ಎಲ್ಲವನ್ನೂ ನೋಡಲೇಬೇಕೆಂಬ ಹಟ ಬಿಟ್ಟರೆ ಕೆಲವನ್ನಾದರೂ ನೋಡಿದ ಹಾಗಾಗುತ್ತದೆ.

ದೀಪ ಹಿಡಿದ ಹೆಣ್ಣಿನ ಎದುರು

ಮೊದಲ ದಿನಕ್ಕೆ ಜಗನ್ಮೋಹನ ಅರಮನೆ, 1915ರಿಂದ ಅದು ಚಿತ್ರಶಾಲೆ. ದೊಡ್ಡ ಅರಮನೆಯ ಪಶ್ಚಿಮಕ್ಕೆ ಕೆಲವೇ ನಿಮಿಷದ ನಡಿಗೆ. ಒಳಗೆ ರಾಜಾ ರವಿವರ್ಮರ ಚಿತ್ರಗಳಿವೆ. ಬೇರೆ ಬೇರೆ ಪ್ರಾಂತದ ಉಡುಪು ತೊಟ್ಟ ಹನ್ನೊಂದು ಹೆಣ್ಣುಮಕ್ಕಳು ಸಂಗೀತಕ್ಕೆ ಕೂತಿರುವ ಅವರ ದೊಡ್ಡ ಚಿತ್ರ ಇಲ್ಲಿಯದೇ. ಒಡೆಯರ ವಂಶವೃಕ್ಷವನ್ನು ಕಮಲದ ದಳಗಳಲ್ಲಿ ಬಿಡಿಸಿದ ‘ಸಂತಾನಾಂಬುಜ’ ಮೈಸೂರು ಶೈಲಿಯ ಅಪರೂಪದ ಭಿತ್ತಿಚಿತ್ರ.

ಆದರೆ ಜನ ಹುಡುಕಿಕೊಂಡು ಹೋಗುವುದು ದೀಪ ಹಿಡಿದ ಹೆಣ್ಣನ್ನು. ಅದನ್ನೂ ರವಿವರ್ಮರದೇ ಎಂದು ತಿಳಿದವರು ಬಹಳ. ಬರೆದವರು ಸಾವಂತವಾಡಿಯ ಎಸ್.ಎಲ್. ಹಳದಣಕರ್. 1940ರ ದಶಕದ ಚಿತ್ರ, ರೂಪದರ್ಶಿ ಅವರ ಮಗಳೇ. ತೈಲವರ್ಣವಲ್ಲ, ಜಲವರ್ಣ. ತಪ್ಪಿದರೆ ಒರೆಸಿ ತಿದ್ದಲು ಬರದ ಮಾಧ್ಯಮ.

ಇದರ ಮುಂದೆ ಹತ್ತು ನಿಮಿಷ ನಿಲ್ಲಿ. ಕತ್ತಲೆ ಮಾಡಿದ ಕೋಣೆ. ಮೊದಲು ಕಾಣುವುದು ಬೆಳಕು ಬಿದ್ದ ಮುಖ. ಕಣ್ಣು ಕತ್ತಲಿಗೆ ಒಗ್ಗಿದ ಮೇಲೆ ಸೀರೆಯ ನೆರಿಗೆ, ಹಿಂದಿನ ಗೋಡೆಯ ಮೇಲಿನ ನೆರಳು. ಆಮೇಲೆ ಕೈ. ಒಂದು ಕೈಯಲ್ಲಿ ದೀಪ, ಇನ್ನೊಂದು ಕೈ ಗಾಳಿಗೆ ಮರೆ. ಆ ಮರೆಯಾದ ಕೈಬೆರಳುಗಳ ಸಂದಿಯಲ್ಲಿ ಬೆಳಕು ಕೆಂಪಾಗಿದೆ. ನಾವು ಮಕ್ಕಳಾಗಿದ್ದಾಗ ಕರೆಂಟು ಹೋದ ರಾತ್ರಿ ಟಾರ್ಚಿನ ಮೇಲೆ ಅಂಗೈ ಇಟ್ಟು ನೋಡಿದ್ದೆವಲ್ಲ, ಅದೇ ಕೆಂಪು. ದೀಪದ ಜ್ವಾಲೆ ಮಾತ್ರ ಎಲ್ಲೂ ಕಾಣುವುದಿಲ್ಲ. ಬೆಳಕಿನ ಮೂಲವನ್ನು ಕಾಣಿಸದೆಯೇ ಇಡೀ ಚಿತ್ರಕ್ಕೆ ಬೆಳಕು ಕೊಟ್ಟಿದ್ದಾರೆ. ಹದಿನೇಳು ಸೆಕೆಂಡಿನಲ್ಲಿ ಇದು ಸಿಗುವುದಿಲ್ಲ.

ಬುಲೆವಾರ್ಡಿನಿಂದ ಕೆರೆಯ ಏರಿಗೆ

ಎರಡನೇ ದಿನ ಪಶ್ಚಿಮಕ್ಕೆ. ಮಹಾರಾಜ ಕಾಲೇಜಿನ ಆಸುಪಾಸಿನ ಕೃಷ್ಣರಾಜ ಬುಲೆವಾರ್ಡು, ಹಳೇ ಮರಗಳ ನೆರಳಿನ ದಾರಿ. ಇಲ್ಲೇ ಪ್ರಾಚ್ಯವಿದ್ಯಾ ಸಂಶೋಧನಾಲಯವಿದೆ, 1891ರಲ್ಲಿ ಗ್ರಂಥಾಲಯವಾಗಿ ಶುರುವಾದ ಸಂಸ್ಥೆ. 1905ರಲ್ಲಿ ತಂಜಾವೂರು ಸೀಮೆಯ ಪಂಡಿತರೊಬ್ಬರು ಒಂದು ಓಲೆಗರಿಯ ಕಟ್ಟನ್ನು ಇಲ್ಲಿಗೆ ತಂದುಕೊಟ್ಟರು. ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು ಗ್ರಂಥ ಲಿಪಿಯ ಆ ಬರಹ ಓದಿ ಅದು ಕೌಟಿಲ್ಯನ ಅರ್ಥಶಾಸ್ತ್ರ ಎಂದು ಗುರುತಿಸಿದರು. ಅಲ್ಲಿಯವರೆಗೆ ಬೇರೆ ಪುಸ್ತಕಗಳ ಉಲ್ಲೇಖಗಳಲ್ಲಷ್ಟೇ ಬದುಕಿದ್ದ ಕೃತಿ 1909ರಲ್ಲಿ ಮೈಸೂರಿನಿಂದ ಅಚ್ಚಾಗಿ ಜಗತ್ತಿನ ಕೈಗೆ ಬಂತು. ಪ್ರಾಚೀನ ಭಾರತದ ರಾಜ್ಯಾಡಳಿತದ ಬಗ್ಗೆ ಇತಿಹಾಸಕಾರರು ಬರೆಯುತ್ತಿದ್ದ ರೀತಿಯೇ ಆಮೇಲೆ ಬದಲಾಯಿತು. ಹತ್ತಿರದ ವೃತ್ತಕ್ಕೆ ಕೌಟಿಲ್ಯನ ಹೆಸರಿದೆ. ಶಾಸ್ತ್ರಿಗಳ ಹೆಸರೂ ಅಷ್ಟೇ ದೊಡ್ಡದಾಗಿ ಎಲ್ಲಾದರೂ ಕಾಣಬೇಕಿತ್ತು ಎಂದು ನನಗೆ ಪ್ರತಿಸಲ ಅನ್ನಿಸುತ್ತದೆ.

ಓಲೆಗರಿಗಳಿಗೆ ನಿಂಬೆಹುಲ್ಲಿನ ಎಣ್ಣೆ ಸವರಿ ಕಾಪಾಡುತ್ತಾರೆ. ಎಣ್ಣೆ ಗರಿಯನ್ನು ಮೆದುವಾಗಿಡುತ್ತದೆ, ಹುಳುವನ್ನು ದೂರ ಇಡುತ್ತದೆ. ಒಳಗೆ ನೋಡಲು ಅನುಮತಿ ಕೇಳಬೇಕು. ಕೇಳಿದರೆ ಸಿಗುವ ಸಾಧ್ಯತೆ ಇದೆ.

ಅಲ್ಲಿಂದ ಕುಕ್ಕರಹಳ್ಳಿ ಕೆರೆ. ಮುಮ್ಮಡಿಯವರ ಕಾಲದಲ್ಲಿ, 1864ರಲ್ಲಿ, ನೀರಿಗಾಗಿ ಕಟ್ಟಿಸಿದ್ದು. ಕುವೆಂಪು, ಆರ್.ಕೆ. ನಾರಾಯಣ್ ಇಬ್ಬರೂ ಏರಿಯ ಮೇಲೆ ನಡೆದವರು. ಕೊಕ್ಕರೆ, ನೀರುಕಾಗೆ, ಚಳಿಗಾಲದಲ್ಲಿ ಹೆಜ್ಜಾರ್ಲೆ ಕಾಣುತ್ತವೆ. ಕೆರೆಯ ಆಚೆಗೆ ಮೈಸೂರು ವಿಶ್ವವಿದ್ಯಾಲಯದ ಆವರಣ ಮಾನಸಗಂಗೋತ್ರಿ, ಅದರೊಳಗೆ ರಾಜಕುಮಾರಿಯ ಜಯಲಕ್ಷ್ಮೀ ವಿಲಾಸ. ಕುವೆಂಪು ಕುಲಪತಿಯಾಗಿದ್ದಾಗ ವಿಶ್ವವಿದ್ಯಾಲಯ ಇದನ್ನು ಪಡೆದುಕೊಂಡಿತು. 1968ರಲ್ಲಿ ಇಲ್ಲಿ ಜಾನಪದ ವಸ್ತುಸಂಗ್ರಹಾಲಯ ತೆರೆಯಿತು. ಕಲಾವಿದ ಪಿ.ಆರ್. ತಿಪ್ಪೇಸ್ವಾಮಿ, ವಿದ್ವಾಂಸ ಜೀ.ಶಂ. ಪರಮಶಿವಯ್ಯ ಮೊದಲಾದವರು ಊರೂರು ಅಲೆದು ವಸ್ತುಗಳನ್ನು ತಂದರು. ಸೋಮನ ಮುಖವಾಡ, ಯಕ್ಷಗಾನದ ಕಿರೀಟ, ತೊಗಲುಗೊಂಬೆ, ಬೇಸಾಯದ ಉಪಕರಣ, ಅಳತೆಯ ಸೇರು ಪಾವು, ಅಡಕತ್ತರಿ. ರಾಜಕುಮಾರಿಯ ನೃತ್ಯಶಾಲೆಯಿದ್ದ ಮನೆಯೊಳಗೆ ಒಕ್ಕಲು ಮಕ್ಕಳ ನೇಗಿಲು ಕೂತಿರುವುದು ನನ್ನ ಮಟ್ಟಿಗೆ ಮೈಸೂರಿನ ಅತ್ಯುತ್ತಮ ಸಂಗತಿ. ಆಗಾಗ ದುರಸ್ತಿಗೆಂದು ಬಾಗಿಲು ಹಾಕಿರುತ್ತಾರೆ, ವಿಚಾರಿಸಿಕೊಂಡೇ ಹೋಗಿ.

ಗಾಜಿನ ಪೆಟ್ಟಿಗೆಯಿಂದ ಪೇಟೆಗೆ

ಆ ಅಡಕತ್ತರಿ, ಸೇರು ಪಾವುಗಳನ್ನು ನೋಡಿ ಬಂದವರು ಸಂಜೆ ದೇವರಾಜ ಮಾರುಕಟ್ಟೆಗೆ ಹೋಗಬೇಕು. ಮ್ಯೂಸಿಯಂನಲ್ಲಿ ನಿಂತುಹೋದ ಬದುಕು ಅಲ್ಲಿ ಇನ್ನೂ ನಡೆಯುತ್ತಿದೆ. ಹೂವಿನ ಸಾಲಿನಲ್ಲಿ ಮಲ್ಲಿಗೆಯನ್ನು ಮೊಳ ಹಾಕಿ, ಮಾರು ಹಾಕಿ ಕೊಡುತ್ತಾರೆ. ಮೊಣಕೈಯಿಂದ ಬೆರಳ ತುದಿಗೆ ಒಂದು ಮೊಳ. ‘ಗಿಡ್ಡ ಕೈಯವರ ಹತ್ರ ತಗೋಬೇಡ’ ಎಂದು ಮಗಳಿಗೆ ಹೇಳಿಕೊಡುವ ಅಮ್ಮಂದಿರು ಈಗಲೂ ಇದ್ದಾರೆ. ಮುಂದಿನ ಸಾಲಿನಲ್ಲಿ ಕುಂಕುಮದ ಗುಡ್ಡೆಗಳು, ಅದರಾಚೆ ಬಾಳೆಹಣ್ಣಿನ ಗೊನೆಗಳು: ಏಲಕ್ಕಿ, ಪಚ್ಚಬಾಳೆ, ಸಿಕ್ಕರೆ ನಂಜನಗೂಡಿನ ರಸಬಾಳೆ. ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ನಂಜನಗೂಡು ರಸಬಾಳೆ, ಮೂರಕ್ಕೂ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ರಸಬಾಳೆಯ ತೋಟಗಳು ರೋಗದಿಂದ ಬಹಳ ಕಡಿಮೆಯಾಗಿರುವುದರಿಂದ ನಿಜವಾದದ್ದು ಸಿಗುವುದು ಅಪರೂಪ. ಗುರುತು ಹಿಡಿಯಬಲ್ಲ ಸ್ಥಳೀಯರೊಬ್ಬರು ಜೊತೆಗಿದ್ದರೆ ಒಳ್ಳೆಯದು.

ಸಯ್ಯಾಜಿರಾವ್ ರಸ್ತೆಯ ಕಡೆ ಮುಖ ಮಾಡಿದ ಸಾಲಿನಲ್ಲಿ ಗುರು ಸ್ವೀಟ್ ಮಾರ್ಟ್. ನಾಲ್ವಡಿಯವರ ಕಾಲದಲ್ಲಿ ಅರಮನೆಯ ಬಾಣಸಿಗರಾಗಿದ್ದ ಕಾಕಾಸುರ ಮಾದಪ್ಪನವರು ಮೈಸೂರು ಪಾಕನ್ನು ಮೊದಲು ಮಾಡಿದರು ಎಂಬುದು ಊರಿನ ನಂಬಿಕೆ. ಅವರ ಮನೆತನದವರದೇ ಈ ಅಂಗಡಿ. ಕಡಲೆಹಿಟ್ಟು, ಸಕ್ಕರೆ, ತುಪ್ಪ, ಇಷ್ಟೇ. ಕುದಿಯುವ ತುಪ್ಪ ಸುರಿದಾಗ ಹಿಟ್ಟು ಉಬ್ಬಿ ಒಳಗೆ ಸಣ್ಣ ಸಣ್ಣ ತೂತುಗಳಾಗುತ್ತವೆ. ಒಳ್ಳೆಯ ಪಾಕನ್ನು ಮುರಿದಾಗ ಕಾಣುವ ಆ ಗೂಡುಗೂಡಾದ ಮೈ ಅದರಿಂದ ಬಂದದ್ದು.

ಕುಸಿದದ್ದು, ಉಳಿದದ್ದು

ಮಾರುಕಟ್ಟೆಯ ಉತ್ತರ ದ್ವಾರದ ಭಾಗ 2016ರ ಆಗಸ್ಟಿನಲ್ಲಿ ಕುಸಿದುಬಿತ್ತು. ಅದಕ್ಕೂ ನಾಲ್ಕು ವರ್ಷ ಮೊದಲು ಜಗನ್ಮೋಹನ ಅರಮನೆಯ ದಾರಿಯ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಬಿದ್ದು ನಾಲ್ವರು ಸತ್ತರು. ಹಳೇ ಪುಸ್ತಕದ ಅಂಗಡಿಗಳಿದ್ದ ಸಾಲು ಅದು. ದುರಸ್ತಿ ಮಾಡಬೇಕೋ ಕೆಡವಿ ಕಟ್ಟಬೇಕೋ ಎಂಬ ವಾದ ನ್ಯಾಯಾಲಯದವರೆಗೂ ಹೋಯಿತು. ಪ್ರತಿ ಮಳೆಗಾಲ ಒಂದಿಷ್ಟು ಗಾರೆ ಉದುರುತ್ತದೆ. ವಾದ ಮುಗಿಯುವವರೆಗೆ ಗೋಡೆ ಕಾಯುವುದಿಲ್ಲ. ಈ ಊರಿನ ಆಸ್ತಿಯೇ ಈ ಕಟ್ಟಡಗಳು ಎನ್ನುವವರು ನಿತ್ಯದ ಪಾಲನೆಗೆ ಹಣ ಇಡಬೇಕು. ಉದ್ಘಾಟನೆಯ ದಿನದ ಬಣ್ಣ ಸಾಲದು.

ಉಳಿಸಿಕೊಂಡ ಉದಾಹರಣೆಯೂ ಮೈಸೂರಿನಲ್ಲೇ ಇದೆ. ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ 1950ರ ದಶಕದಲ್ಲಿ ಕಟ್ಟಿಸಿದ ಮನೆಯನ್ನು 2011ರಲ್ಲಿ ಕೆಡವಲು ಶುರು ಮಾಡಿದ್ದರು. ಊರಿನವರು, ಪತ್ರಿಕೆಗಳು ದನಿಯೆತ್ತಿದವು. ಕೆಲಸ ನಿಂತಿತು, ಮಹಾನಗರ ಪಾಲಿಕೆ ಮನೆ ಕೊಂಡು ಸರಿಪಡಿಸಿ 2016ರಲ್ಲಿ ಮ್ಯೂಸಿಯಂ ಆಗಿ ತೆರೆಯಿತು. ಮಹಡಿಯ ಮೇಲೆ ಸುತ್ತಲೂ ಕಿಟಕಿಗಳಿರುವ ಕೋಣೆಯಲ್ಲಿ ಅವರು ಬರೆಯುತ್ತಿದ್ದರು. ದಿನಕ್ಕೊಂದೇ ಎಂಬ ನಿಯಮವನ್ನು ಸ್ವಲ್ಪ ಸಡಿಲಿಸಿದರೆ, ಮೂರನೇ ದಿನ ರೈಲು ಮ್ಯೂಸಿಯಂ ಮುಗಿಸಿ ಮಧ್ಯಾಹ್ನದ ಮೇಲೆ ಇಲ್ಲಿಗೆ ಬರಬಹುದು, ಹೆಚ್ಚು ದೂರವಿಲ್ಲ.

ಊಟದ ಮೇಜಿನಲ್ಲಿ

ಗೆಳೆಯರೊಂದಿಗೆ ಮ್ಯೂಸಿಯಂಗೆ ಹೋಗುವುದರಲ್ಲಿ ಒಂದು ತೊಡಕಿದೆ. ಒಬ್ಬರಿಗೆ ಬೇಕಾದದ್ದು ಇನ್ನೊಬ್ಬರಿಗೆ ಬೇಸರ. ಒಳಗೆ ಹೋದ ಮೇಲೆ ಬೇರೆಬೇರೆಯಾಗಿಬಿಡುವುದು, ಒಬ್ಬೊಬ್ಬರೂ ಒಂದೊಂದು ವಸ್ತು ಆರಿಸಿಕೊಳ್ಳುವುದು, ಊಟಕ್ಕೆ ಕೂತಾಗ ಅದರ ಬಗ್ಗೆ ಹೇಳುವುದು, ಇದನ್ನು ಮಾಡಿ ನೋಡಿ. ರೈಲು ಮ್ಯೂಸಿಯಂನಿಂದ ಬಂದ ದಿನ ಒಬ್ಬರು ಮಹಾರಾಣಿಯವರ ಸಲೂನಿನ ಮಂಚದ ಬಗ್ಗೆ, ಇನ್ನೊಬ್ಬರು ಅಡುಗೆ ಬೋಗಿಯ ಬಗ್ಗೆ ಮಾತು ತೆಗೆದರೆ, ಅಷ್ಟು ದೊಡ್ಡ ಪರಿವಾರಕ್ಕೆ ಓಡುವ ರೈಲಿನಲ್ಲಿ ಅನ್ನ ಬೇಯಿಸುತ್ತಿದ್ದದ್ದು ಹೇಗೆ ಎಂಬಲ್ಲಿಗೆ ಚರ್ಚೆ ಬರುತ್ತದೆ. ನೋಡಿದ್ದು ನೆನಪಿನಲ್ಲಿ ಕೂರುವುದು ಹೀಗೆ ಬಾಯಿಗೆ ಬಂದಾಗ.

ತಿಂಡಿಗೆ ನಜರಬಾದಿನ ಮೈಲಾರಿ. ಅಂಗೈಯಗಲದ ಮೆದು ದೋಸೆ, ಒಳಗೆ ಸಾಗು, ಮೇಲೆ ಬೆಣ್ಣೆ, ಬಾಳೆಲೆಯ ಮೇಲೆ ಬರುತ್ತದೆ. ಗರಿಗರಿ ದೋಸೆ ಇಷ್ಟಪಡುವವರು ಮೊದಲು ಮುಖ ಸಿಂಡರಿಸಿ ಆಮೇಲೆ ಇನ್ನೆರಡು ಹೇಳುತ್ತಾರೆ. ಜಾಗ ಇಕ್ಕಟ್ಟು, ಕಾಯಬೇಕು. ಮಾಂಸದೂಟದವರಿಗೆ ಮಂಡಿ ಮೊಹಲ್ಲಾದ ಹನುಮಂತು ಹೋಟೆಲಿನ ಮಟನ್ ಪಲಾವ್. ಉಳಿದಂತೆ ಅಗ್ರಹಾರ, ಚಾಮುಂಡಿಪುರಂ ಕಡೆಯ ಯಾವುದಾದರೂ ಹಳೇ ಹೋಟೆಲಿಗೆ ನುಗ್ಗಿ ಬೈಟೂ ಕಾಫಿ ಹೇಳಿ. ಕುಡಿದ ಮೇಲೂ ಕೂತಿರಬಹುದು, ಏಳಿ ಎನ್ನುವ ಅವಸರ ಅಲ್ಲಿನ್ನೂ ಬಂದಿಲ್ಲ.

ಯಾವಾಗ, ಹೇಗೆ

ವಾರದ ನಡುವಿನ ದಿನಗಳು ಉತ್ತಮ. ಮಂಗಳವಾರ ಮೃಗಾಲಯಕ್ಕೆ ರಜೆ. ವಿಶ್ವವಿದ್ಯಾಲಯದ ಕಟ್ಟಡಗಳು ಸರ್ಕಾರಿ ರಜೆಯಂದು ಮುಚ್ಚಿರುತ್ತವೆ. ದಸರೆಯ ಹತ್ತು ದಿನ ನಿಧಾನದ ರಜೆಗೆ ಸಲ್ಲವು, ಅದರ ಖುಷಿಯೇ ಬೇರೆ. ನವೆಂಬರಿನಿಂದ ಫೆಬ್ರವರಿವರೆಗೆ ಮಧ್ಯಾಹ್ನವೂ ನಡೆಯಬಹುದು.

ಬೆಂಗಳೂರಿನಿಂದ ರೈಲಿನಲ್ಲಿ ಬಂದರೆ ಕಾರು ನಿಲ್ಲಿಸಲು ಜಾಗ ಹುಡುಕುವ ತಾಪತ್ರಯವಿಲ್ಲ, ಊರೊಳಗಿನ ಓಡಾಟಕ್ಕೆ ಆಟೊ, ಸಿಟಿ ಬಸ್ಸು ಸಾಕು. ಉಳಿಯಲು ಲಕ್ಷ್ಮೀಪುರಂ ಅಥವಾ ಯಾದವಗಿರಿ ಕಡೆ ಕೋಣೆ ಹಿಡಿದರೆ ಬೆಳಗಿನ ನಡಿಗೆ ಬಾಗಿಲಿನಿಂದಲೇ ಶುರುವಾಗುತ್ತದೆ. ಬೆಟ್ಟದ ಸಾವಿರ ಮೆಟ್ಟಿಲು ಹತ್ತುವ ಮನಸ್ಸಿದ್ದರೆ ಆರು ಗಂಟೆಗೇ ಬುಡದಲ್ಲಿರಿ. ಬಿಸಿಲೇರುವ ಮೊದಲು ನಂದಿಯ ಬಳಿ ಕೂತು ಸುಧಾರಿಸಿಕೊಳ್ಳಬಹುದು, ತಿಂಡಿಯ ಹೊತ್ತಿಗೆ ನಜರಬಾದಿಗೆ ಇಳಿಯಬಹುದು.